ಉದ್ದ ಎರಡು ಪಟ್ಟು, ತೂಕ ಎಂಟು ಪಟ್ಟು: ದೈತ್ಯ ಕ್ಯಾಟ್‌ಫಿಶ್‌ಗಳ ಲೆಕ್ಕ

ಮೀನಿನ ಬೆಳವಣಿಗೆಯ ಪಾಠದಲ್ಲಿ ನಾನು ಮೊದಲು ಎಡವಿದ್ದು ಒಂದು ಚಿಕ್ಕ ಲೆಕ್ಕದಲ್ಲಿ. ಒಂದು ಮೀಟರ್ ಉದ್ದದ ಮೀನು ಏಳು ಕಿಲೋ ತೂಗಿದರೆ ಎರಡು ಮೀಟರಿನದು ಎಷ್ಟು? ನಾನು ಸುಮ್ನೆ 14 ಅಂತ ಬರೆದುಬಿಟ್ಟಿದ್ದೆ. ಉತ್ತರ ಸುಮಾರು 56. ಮೀನು ಉದ್ದವಾಗುವಾಗ ಜೊತೆಗೆ ಅಗಲವೂ ಆಗುತ್ತದೆ, ದಪ್ಪವೂ ಆಗುತ್ತದೆ, ಅಲ್ವಾ? ಎರಡನ್ನು ಮೂರು ಸಲ ಗುಣಿಸಿ: ಎಂಟು ಪಟ್ಟು. ತೂಕಕ್ಕೂ ಉದ್ದಕ್ಕೂ ಇರುವ ಸೂತ್ರ ಅಂದರೆ ಇದೇ. ಅದರ ಘಾತಾಂಕ, ಅಂದರೆ ಎಷ್ಟು ಸಲ ಗುಣಿಸಬೇಕು ಅನ್ನುವ ಸಂಖ್ಯೆ, ಹೆಚ್ಚಿನ ಮೀನುಗಳಲ್ಲಿ 3ರ ಆಸುಪಾಸು ಇರುತ್ತದೆ.

ಏಳು ಕಿಲೋ ಅನ್ನುವುದು ಯುರೋಪಿನ ವೆಲ್ಸ್ ಕ್ಯಾಟ್‌ಫಿಶ್‌ಗೆ ಹತ್ತಿರದ ಅಂದಾಜು. ಇದೊಂದು ಸಂಖ್ಯೆ ಕೈಯಲ್ಲಿದ್ದರೆ ಹಳೆಯ ಬಡಾಯಿಗಳನ್ನು ನಾವೇ ತೂಗಿ ನೋಡಬಹುದು. 19ನೇ ಶತಮಾನದಲ್ಲಿ ಐದು ಮೀಟರ್ ಉದ್ದದ, 300 ಕಿಲೋ ಮೀರಿದ ವೆಲ್ಸ್ ಸಿಕ್ಕಿತ್ತು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಐದರ ಘನ 125. ಅದಕ್ಕೆ ಏಳನ್ನು ಗುಣಿಸಿದರೆ 875 ಕಿಲೋ! ಅಂದರೆ ಆ ಉದ್ದ ನಿಜವಾದರೆ ತೂಕ ತೀರಾ ಕಡಿಮೆಯಾಯಿತು. ತೂಕ ನಿಜವಾದರೆ ಉದ್ದ ಜಾಸ್ತಿಯಾಯಿತು. ಎರಡೂ ಒಂದೇ ಮೀನಿನದಾಗಿರಲು ಸಾಧ್ಯವಿಲ್ಲ. ಅಳತೆಪಟ್ಟಿ ಹಿಡಿದು ನೋಡಿದ್ದು ಬೇಕು ಅಂದರೆ, 2023ರಲ್ಲಿ ಇಟಲಿಯ ಪೋ ನದಿಯಲ್ಲಿ ಸಿಕ್ಕ ವೆಲ್ಸ್ 2.85 ಮೀಟರ್ ಇತ್ತು. ಅದನ್ನು ತೂಗದೆ ನೀರಿಗೆ ಬಿಟ್ಟರು. ನಮ್ಮ ಲೆಕ್ಕ ಸುಮಾರು 160 ಕಿಲೋ ಅನ್ನುತ್ತದೆ. ಬಡಕಲು ಮೀನಾಗಿದ್ದರೆ ಇನ್ನೂ ಕಡಿಮೆ.

ಆದರೆ ಈ ಏಳನ್ನು ಎಲ್ಲ ಜಾತಿಗೂ ಹಚ್ಚಬೇಡಿ. 2005ರಲ್ಲಿ ಉತ್ತರ ಥಾಯ್ಲೆಂಡಿನಲ್ಲಿ ಸಿಕ್ಕ ಮೆಕಾಂಗ್ ದೈತ್ಯ ಕ್ಯಾಟ್‌ಫಿಶ್ ಸುಮಾರು 2.7 ಮೀಟರ್ ಉದ್ದ, 293 ಕಿಲೋ ತೂಕ. ಹಿಂದಕ್ಕೆ ಲೆಕ್ಕ ಹಾಕಿದರೆ ಒಂದು ಮೀಟರ್ ಉದ್ದದ ಮೀನಿಗೆ ಸುಮಾರು 15 ಕಿಲೋ ಬರುತ್ತದೆ, ವೆಲ್ಸ್‌ನ ಎರಡು ಪಟ್ಟು. ಕಾರಣ ಮೈಕಟ್ಟು. ವೆಲ್ಸ್‌ಗೆ ತಲೆ ದೊಡ್ಡದು, ಹಿಂದೆ ಹಾವಿನಂತೆ ಸಣ್ಣಗಾಗುತ್ತಾ ಹೋಗುವ ಬಾಲ. ಮೆಕಾಂಗ್ ಮೀನು ಪೀಪಾಯಿ ಥರ ಗುಂಡಗಿರುತ್ತದೆ. ತಮಾಷೆ ಅಂದರೆ ಇಷ್ಟು ದೊಡ್ಡ ಮೀನಿಗೆ ಬೆಳೆದ ಮೇಲೆ ಹಲ್ಲೇ ಇರುವುದಿಲ್ಲ. ಮುಖ್ಯ ಆಹಾರ ಪಾಚಿ.

ಈಗ ಬೆಳವಣಿಗೆ. ಕ್ಯಾಟ್‌ಫಿಶ್ ಪ್ರಾಯಕ್ಕೆ ಬಂದ ಮೇಲೂ ಬೆಳೆಯುತ್ತಲೇ ಇರುತ್ತದೆ, ವೇಗ ಮಾತ್ರ ಇಳಿಯುತ್ತದೆ. ಮೊದಲ ಕೆಲವು ವರ್ಷ ಉದ್ದ ಬೇಗ ಏರುತ್ತದೆ. ಆಮೇಲೆ ತಿಂದದ್ದರಲ್ಲಿ ಒಂದು ಪಾಲು ಮೊಟ್ಟೆಗೆ, ವೀರ್ಯಕ್ಕೆ ಹೋಗುತ್ತದೆ. ವಯಸ್ಸಿಗೆ ಎಷ್ಟು ಉದ್ದ ಅಂತ ತೋರಿಸುವ ವಾನ್ ಬೆರ್ಟಲಾನ್ಫಿ ಗ್ರಾಫ್ ಮೇಲಕ್ಕೆ ಹೋಗಿ ಬಾಗಿ ಚಪ್ಪಟೆಯಾಗುವುದು ಅದಕ್ಕೇ. ಅದು ಚಪ್ಪಟೆಯಾಗುವ ಮಟ್ಟವನ್ನು ‘ಗರಿಷ್ಠ ಉದ್ದ’ ಅಂತ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಅದು ಆ ನೀರಿನ ಮೀನುಗಳ ಸರಾಸರಿ ಹೋಗಿ ನಿಲ್ಲುವ ಮಟ್ಟ. ಒಂದೆರಡು ಮೀನು ಅದನ್ನು ದಾಟಬಹುದು.

ಗ್ರಾಫ್ ಚಪ್ಪಟೆಯಾದರೆ ಬೆಳವಣಿಗೆ ನಿಂತಿತು ಅಂದುಕೊಳ್ಳಬೇಡಿ. ವೆಲ್ಸ್ 100 ಸೆಂಟಿಮೀಟರಿನಿಂದ 110ಕ್ಕೆ ಬೆಳೆದರೆ ಏಳು ಕಿಲೋ ಇದ್ದದ್ದು 9.3 ಆಗುತ್ತದೆ. 200ರಿಂದ 210ಕ್ಕೆ ಹೋದರೆ? 56 ಇದ್ದದ್ದು ಸುಮಾರು 65. ಅದೇ ಹತ್ತು ಸೆಂಟಿಮೀಟರ್, ಆದರೆ ಒಂಬತ್ತು ಕಿಲೋ ಜಾಸ್ತಿ.

ನೀರಿನ ಬಿಸಿಯ ಪಾತ್ರವೂ ದೊಡ್ಡದು. ವೆಲ್ಸ್ ಚೆನ್ನಾಗಿ ಬೆಳೆಯುವುದು 25ರಿಂದ 28 ಡಿಗ್ರಿಯಲ್ಲಿ. ತಣ್ಣೀರಿನಲ್ಲಿ ಅದು ತಿನ್ನುವುದೇ ಕಡಿಮೆ. ಹಾಗಾಗಿ ಬೇಸಿಗೆ ಉದ್ದವಿರುವ ಕಡೆ ಅದೇ ವಯಸ್ಸಿನ ಮೀನು ದೊಡ್ಡದಾಗಿರುತ್ತದೆ. 1974ರಲ್ಲಿ ಸ್ಪೇನಿನ ಎಬ್ರೋ ನದಿಗೆ ತಂದುಬಿಟ್ಟ ವೆಲ್ಸ್ ಮುಂದೆ ಅಲ್ಲಿ ಎರಡು ಮೀಟರ್ ದಾಟಿ ಬೆಳೆದಿದೆ.

ವಯಸ್ಸು ಗೊತ್ತಾಗುವುದು ಹೇಗೆ? ಬೇರೆ ಮೀನುಗಳಲ್ಲಿ ಹುರುಪೆಯ ಮೇಲಿನ ಉಂಗುರ ಎಣಿಸುತ್ತಾರೆ, ಇದಕ್ಕೆ ಹುರುಪೆಯೇ ಇಲ್ಲ. ಎದೆಯ ಈಜುರೆಕ್ಕೆಯ ಮುಳ್ಳನ್ನು ತೆಳ್ಳಗೆ ಅಡ್ಡ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಬೇಗ ಬೆಳೆದ ಕಾಲದ ಪಟ್ಟಿ ಅಗಲ, ಚಳಿಗಾಲದ್ದು ಕೂದಲೆಳೆಯಷ್ಟು ಸಣ್ಣ. ತೊಡಕು ಇರುವುದು ನಡುವಿನಲ್ಲಿ. ಮುಳ್ಳಿನೊಳಗಿನ ಟೊಳ್ಳು ವರ್ಷ ಕಳೆದಂತೆ ಅಗಲವಾಗಿ ಮೊದಲ ಉಂಗುರಗಳನ್ನು ತಿಂದುಹಾಕುತ್ತದೆ. ಒಳಕಿವಿಯಲ್ಲಿರುವ ಪುಟ್ಟ ಕಲ್ಲು, ಅಂದರೆ ಓಟೊಲಿತ್, ಹೀಗೆ ಸವೆಯುವುದಿಲ್ಲ. ಆದರೆ ಅದನ್ನು ತೆಗೆಯಬೇಕಾದರೆ ಮೀನು ಸತ್ತಿರಬೇಕು. ಅದಕ್ಕೇ ಬದುಕಿರುವ ದೊಡ್ಡ ಮೀನಿನ ಮುಳ್ಳಿನಲ್ಲಿ 20 ಉಂಗುರ ಕಂಡರೆ ಉತ್ತರದಲ್ಲಿ ‘20 ವರ್ಷ’ ಅಂತ ಬರೆಯಬೇಡಿ, ‘ಕನಿಷ್ಠ 20’ ಅಂತ ಬರೆಯಿರಿ.