ಅಂಗಡಿ ನಾಯಿಮರಿ ಹಾಸನಕ್ಕೆ ಬಂದ ದಾರಿ

ನಾಯಿಮರಿಗೆ ದುಡ್ಡು ಕೊಡೋದು ಹಾಸನದ ಕಡೆ ಹಳೆಯ ರೂಢಿಯಲ್ಲ. ಪಕ್ಕದ ಮನೆ ನಾಯಿ ಮರಿ ಹಾಕಿದರೆ ಒಂದು ಗಂಡು ಮರಿ ಎತ್ತಿಕೊಂಡು ಬರುತ್ತಿದ್ದರು. ಹೆಣ್ಣು ಮರಿಗಳನ್ನು ಸಂತೆ ಹತ್ತಿರ ಬಿಟ್ಟು ಬರುತ್ತಿದ್ದರು. ಅದೇನೂ ಪುಣ್ಯಕಾಲವಲ್ಲ. ಅಲ್ಸೇಷಿಯನ್, ಲ್ಯಾಬ್ರಡಾರ್ ಎಲ್ಲ ಸಕಲೇಶಪುರ ಕಡೆಯ ಕಾಫಿ ತೋಟದ ಬಂಗಲೆಗಳ ಮಾತು.

2003ರಲ್ಲಿ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಾಡಿದ ಪಗ್, ಜಾತಿ ನಾಯಿಯ ಆಸೆಯನ್ನು ಸಣ್ಣ ಮನೆಗಳಿಗೂ ತಂದಿತು. ಚಪ್ಪಟೆ ಮೂಗಿನ ಆ ನಾಯಿಗೆ ಬಿಸಿಲಲ್ಲಿ ಉಸಿರಾಡೋದೇ ಕಷ್ಟ ಅನ್ನೋದನ್ನು ಜಾಹೀರಾತು ಹೇಳಲಿಲ್ಲ ಬಿಡಿ. ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿಗಳಲ್ಲಿ ಮರಿಗಳೂ ಬಂದು ಕೂತವು.

ಗೋಜಲೆಲ್ಲ ಇರೋದು ಮರಿಯ ವಯಸ್ಸಿನಲ್ಲಿ. ಕೊಳ್ಳುವವರಿಗೆ ಅಂಗೈ ಅಗಲದ ಮರಿಯೇ ಬೇಕು. ಮರಿ ಹಾಕಿಸಿ ಮಾರುವ ಬ್ರೀಡರ್‌ಗೂ ಬೇಗ ಸಾಗಿಸಿದಷ್ಟು ಲಾಭ. ತಿಂಗಳಾದ ಮೇಲೆ ತಾಯಿ ಹಾಲು ಸಾಲುವುದಿಲ್ಲ, ಆರೇಳು ಮರಿಗಳ ಊಟ, ಇಂಜೆಕ್ಷನ್ ಖರ್ಚು ತಲೆ ಮೇಲೆ ಬೀಳುತ್ತದೆ. ಹಾಗಾಗಿ 35 ದಿನದ ಮರಿ ಎರಡು ತಿಂಗಳದ್ದು ಎನಿಸಿಕೊಂಡು, ರಟ್ಟಿನ ಡಬ್ಬದಲ್ಲಿ ಪೇಪರ್ ಚೂರುಗಳ ಮೇಲೆ ಕೂತು ಬಸ್ಸಲ್ಲಿ ಬರುತ್ತದೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುವ ಹೊತ್ತು ಅದು. ಲಸಿಕೆ ಇನ್ನೂ ಬಿದ್ದಿರುವುದಿಲ್ಲ. ಮನೆಗೆ ಬಂದ ನಾಲ್ಕೈದು ದಿನಕ್ಕೆ ಊಟ ಬಿಡುತ್ತದೆ. ವಾಂತಿ, ರಕ್ತಭೇದಿ. ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಡಾಕ್ಟರು ಪಾರ್ವೊ ಎಂಬ ವೈರಸ್ ರೋಗ ಎಂದು ಡ್ರಿಪ್ ಹಾಕುತ್ತಾರೆ. ಈ ವೈರಸ್ ಮೈ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ‘ನಮ್ಮಲ್ಲಿದ್ದಾಗ ಚೆನ್ನಾಗೇ ಇತ್ತಲ್ಲ’ ಎಂದು ಅಂಗಡಿಯವರು ಹೇಳಿದರೆ ಅದು ಸುಳ್ಳೂ ಅಲ್ಲ.

ಕಾನೂನು ಇಲ್ಲ ಅಂತೇನಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ಒಂದು ಮರಿ ಎಷ್ಟು ಸಾವಿರಕ್ಕೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಲ್ವಾ? 2017ರಲ್ಲಿ ಬ್ರೀಡರ್‌ಗಳಿಗೆ, 2018ರಲ್ಲಿ ಅಂಗಡಿಗಳಿಗೆ ಬೇರೆ ಬೇರೆ ನಿಯಮ ಬಂದವು. ಇಬ್ಬರೂ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣು ನಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ.

ಆದರೆ ಈಗ ವ್ಯಾಪಾರಕ್ಕೆ ಅಂಗಡಿಯೇ ಬೇಕಿಲ್ಲ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೊ, ಫೋನ್‌ಪೇಯಲ್ಲಿ ಅಡ್ವಾನ್ಸ್, ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಡಬ್ಬ. ತಾಯಿ ನಾಯಿ ತೋರಿಸಿ ಅಂದರೆ ‘ಬೆಂಗಳೂರಲ್ಲಿದೆ ಸಾರ್’ ಎಂಬ ಉತ್ತರ. ಹಾಗಾದರೆ ಅಲ್ಲಿಗೇ ಬಂದು ನೋಡ್ತೀವಿ ಅನ್ನುವವರು ಕಡಿಮೆ.