ಬಚ್ಚಲಿನ ಲೈಟ್ ಅಲ್ಲ, ಬಚ್ಚಲಿನ ಗೀಸರ್

ಕರೆಂಟ್ ಬಿಲ್ ಜಾಸ್ತಿ ಬಂದ ತಿಂಗಳು ಮನೆಯಲ್ಲಿ ಮೊದಲು ಬೈಸಿಕೊಳ್ಳುವುದು ಬಚ್ಚಲಿನ ಲೈಟು. "ಯಾರು ಆರಿಸದೆ ಬಂದಿದ್ದು?" ಅಂತ ಪಂಚಾಯ್ತಿ ಶುರುವಾಗುತ್ತದೆ. ಅದೇ ಗೋಡೆಯ ಮೇಲೆ ತೂಗುಹಾಕಿರುವ ಗೀಸರ್ ಮಾತ್ರ ಯಾರ ಬಾಯಿಗೂ ಬೀಳುವುದಿಲ್ಲ. ಅಪ್ಪ ಬೈದಿದ್ದು 9 ವ್ಯಾಟಿನ ಬಲ್ಬಿಗೆ. ಸುಮ್ನಿರುವ ಗೀಸರ್ 2000 ವ್ಯಾಟಿನದು.

ನಂಬಿಕೆ ಬರದಿದ್ದರೆ ಮೀಟರ್ ಬೋರ್ಡಿನ ಮುಂದೆ ಐದು ನಿಮಿಷ ನಿಲ್ಲಿ. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಹತ್ತಿರ ಸಣ್ಣ ಅಕ್ಷರದಲ್ಲಿ 3200 ಅಂತಲೋ ಬೇರೆ ಯಾವುದೋ ಸಂಖ್ಯೆಯೋ ಇರುತ್ತದೆ. ಆ ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಆಯಿತು ಅಂತ ಅರ್ಥ. ಈಗ ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜನ್ನೂ ಸೇರಿಸಿ, ಒಂದು ಎಲ್‌ಇಡಿ ಬಲ್ಬ್ ಮಾತ್ರ ಹಾಕಿ. 3200ರ ಮೀಟರ್ ಆದರೆ ಒಂದು ಸಲ ಮಿನುಗಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಕಾದು ಕಾದು ಬೇಜಾರಾಗುತ್ತದೆ. ಬಲ್ಬ್ ಆರಿಸಿ ಹಳೆಯ ಫ್ಯಾನ್ ಹಾಕಿ, ಹದಿನೈದು ಸೆಕೆಂಡಿಗೆ ಒಂದು ಸಲ. ಅದನ್ನೂ ಆರಿಸಿ ಗೀಸರ್ ಹಾಕಿ. ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಸಲ! ಎಣಿಸುವುದೇ ಕಷ್ಟ. ಮಕ್ಕಳಿಗೆ ಇದನ್ನು ಒಂದು ಸಲ ತೋರಿಸಿದರೆ ವ್ಯಾಟ್ ಅಂದರೆ ಏನು ಅಂತ ಬೇರೆ ಪಾಠ ಬೇಕಾಗುವುದಿಲ್ಲ.

ಕಾಯಿಸುವ ಕೆಲಸಕ್ಕೆ ಯಾಕೆ ಇಷ್ಟೊಂದು ಶಕ್ತಿ ಬೇಕು? ಇದಕ್ಕೆ ಉತ್ತರ ಹುಡುಕಿದವನು ಇಂಗ್ಲೆಂಡಿನ ಜೇಮ್ಸ್ ಜೂಲ್. 1840ರ ದಶಕದಲ್ಲಿ ಅವನು ನೀರಿನ ಪಾತ್ರೆಯೊಳಗೆ ರೆಕ್ಕೆಗಳನ್ನಿಟ್ಟು, ತೂಕದ ಕಲ್ಲು ಕೆಳಗಿಳಿದಂತೆ ಅವು ತಿರುಗುವ ಹಾಗೆ ಮಾಡಿ, ನೀರು ಎಷ್ಟು ಬೆಚ್ಚಗಾಯಿತು ಅಂತ ಅಳೆದ. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡುವ ಶಕ್ತಿಯಲ್ಲಿ ಅದೇ ನೀರನ್ನು ಸುಮಾರು 427 ಮೀಟರ್ ಮೇಲಕ್ಕೆ ಎತ್ತಬಹುದು.

ಈ ಲೆಕ್ಕವನ್ನು ಬೆಂಗಳೂರಿಗೆ ತನ್ನಿ. ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಸ್ಟೇಷನ್‌ಗಳಲ್ಲಿ ಮತ್ತೆ ಮತ್ತೆ ತಳ್ಳಿಸಿಕೊಂಡು, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ದೊಡ್ಡ ಸಾಹಸವೇ. ಆದರೆ ಒಂದು ಬಕೆಟ್ ಕಾವೇರಿಯನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ, ಅದೇ ಬಕೆಟ್ ನೀರನ್ನು ಒಂದು ಡಿಗ್ರಿಗಿಂತ ಚೂರು ಜಾಸ್ತಿ ಕಾಯಿಸುವಷ್ಟು ಮಾತ್ರ. ಪಂಪು, ಪೈಪುಗಳಲ್ಲಿ ನಷ್ಟವಾಗುವುದನ್ನು ಸೇರಿಸಿದರೂ ಎರಡು ಡಿಗ್ರಿ ಅನ್ನಿ. ನಾವು ಸ್ನಾನಕ್ಕೆ ಅಂತ ಕಾಯಿಸುವುದು 18-20 ಡಿಗ್ರಿ! ಅಂದರೆ ನದಿಯನ್ನು ಊರಿಗೆ ಹತ್ತಿಸುವುದಕ್ಕಿಂತ ಬಚ್ಚಲಲ್ಲಿ ಅದನ್ನು ಬೆಚ್ಚಗೆ ಮಾಡುವುದೇ ಹತ್ತು ಪಟ್ಟು ದುಬಾರಿ.

20 ಲೀಟರಿನ ಒಂದು ಬಕೆಟ್ಟನ್ನು 22 ಡಿಗ್ರಿಯಿಂದ 40ಕ್ಕೆ ಕಾಯಿಸಲು 0.42 ಯೂನಿಟ್ ಬೇಕು. ನಾಲ್ಕು ಜನರ ಮನೆಯಲ್ಲಿ ಎಲ್ಲರೂ ಒಂದೊಂದು ಬಕೆಟ್ ಸ್ನಾನ ಮಾಡಿದರೆ ತಿಂಗಳಿಗೆ 50 ಯೂನಿಟ್. ಷವರ್ ಕೆಳಗೆ ಹತ್ತು ನಿಮಿಷ ನಿಂತರೆ 80 ಲೀಟರ್ ಹರಿದಿರುತ್ತದೆ. ಆಗ ಒಬ್ಬರ ಸ್ನಾನಕ್ಕೇ ಒಂದೂಮುಕ್ಕಾಲು ಯೂನಿಟ್ ಹತ್ತಿರ ಹೋಗುತ್ತದೆ. ಬಕೆಟ್ ಮತ್ತು ಚೊಂಬು ಹಳೇ ಕಾಲದ್ದು ಅಂತ ನಗುವವರು ಈ ಲೆಕ್ಕ ನೋಡಬೇಕು.

"ಗೀಸರ್ ಇಡೀ ದಿನ ಹಾಕಿಟ್ಟರೆ ಉಳಿತಾಯ, ಪದೇ ಪದೇ ಹಾಕಿ ಆರಿಸಿದರೆ ಜಾಸ್ತಿ ಎಳೆಯುತ್ತದೆ" ಅನ್ನುವ ಮಾತು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೂ ಓಡಾಡುತ್ತಿದೆ. ತಪ್ಪು. ಒಳಗಿನ ನೀರು ಹೊರಗಿನ ಗಾಳಿಗಿಂತ ಎಷ್ಟು ಬಿಸಿ ಇರುತ್ತದೋ ಅಷ್ಟು ಬೇಗ ಶಾಖ ಸೋರುತ್ತದೆ. ಇಡೀ ದಿನ ಬಿಸಿ ಇಟ್ಟರೆ ಇಡೀ ದಿನ ಸೋರಿಕೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಮುಗಿಸಿ ಆರಿಸುವುದೇ ಸರಿ. ಇನ್‌ಸ್ಟಂಟ್ ಗೀಸರ್ ಕೊಂಡರೆ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ ಅನ್ನುವುದೂ ಸುಳ್ಳು. ಅದು ಈ ಸೋರಿಕೆಯನ್ನು ತಪ್ಪಿಸುತ್ತದೆ, ಅಷ್ಟೇ. ನೀರು ಬಿಸಿಯಾಗಲು ಬೇಕಾದ ಶಾಖಕ್ಕೆ ರಿಯಾಯಿತಿ ಇಲ್ಲ. ಬೋರ್‌ವೆಲ್ ನೀರಿನ ಮನೆಯಾದರೆ ಗೀಸರಿನ ಕಾಯಿಲ್ ಮೇಲೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಅದನ್ನು ವರ್ಷಕ್ಕೊಂದು ಸಲ ಬಿಚ್ಚಿ ಕ್ಲೀನ್ ಮಾಡಿಸಿ. ಇಲ್ಲದಿದ್ದರೆ ಶಾಖ ನೀರಿಗೆ ದಾಟುವುದು ತಡವಾಗಿ ಕಾಯಿಲ್ಲೇ ಸುಟ್ಟು ಹೋಗುತ್ತದೆ.

ವಾಷಿಂಗ್ ಮೆಷಿನ್ ವಿಚಾರವೂ ಇದೇ. ಡ್ರಮ್ ತಿರುಗಿಸಲು ಖರ್ಚಾಗುವುದು ಅಲ್ಪಸ್ವಲ್ಪ. 60 ಡಿಗ್ರಿಗೆ ಒತ್ತಿದ ತಕ್ಷಣ ಒಳಗಿನ ಹೀಟರ್ ಶುರುವಾಗಿ ಒಂದು ಯೂನಿಟ್ ಆಸುಪಾಸು ನುಂಗುತ್ತದೆ. ದಿನಬಳಕೆಯ ಬಟ್ಟೆಗೆ ತಣ್ಣೀರು ಸಾಕು.

ಉಳಿದ ಸಣ್ಣಪುಟ್ಟ ಪ್ರಶ್ನೆಗಳಿಗೆ ಬೇಗ ಬೇಗ ಹೇಳಿಬಿಡುತ್ತೇನೆ. ಮೊಬೈಲ್ ಇಲ್ಲದ ಚಾರ್ಜರ್ ಸಾಕೆಟ್ಟಿನಲ್ಲೇ ಇದ್ದರೆ ಹೋಗುವ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕಾಗಿ ಜಗಳ ಬೇಡ. ಟಿವಿಯ ಸೆಟ್ ಟಾಪ್ ಬಾಕ್ಸ್ ಹಾಗಲ್ಲ. ರಿಮೋಟಿನಲ್ಲಿ ಆರಿಸಿದರೂ ಅದು ಒಳಗೆ ಎಚ್ಚರವಾಗಿಯೇ ಇರುತ್ತದೆ, ಗೋಡೆಯ ಸ್ವಿಚ್ಚೇ ಆರಿಸಬೇಕು. ಫ್ಯಾನ್ ನಿಧಾನ ಮಾಡಿದರೆ ಕರೆಂಟ್ ಉಳಿಯುತ್ತದಾ ಅಂದರೆ, ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಆದರೆ ಉಳಿಯುತ್ತದೆ. ಹಳೆಯ ದಪ್ಪ ಡಬ್ಬಿಯಂಥ ರೆಗ್ಯುಲೇಟರ್ ಆದರೆ ಉಳಿಸಬೇಕಾದದ್ದರಲ್ಲಿ ಬಹಳಷ್ಟನ್ನು ತಾನೇ ಬಿಸಿಯಾಗಿ ಕಳೆಯುತ್ತದೆ. ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. 75 ವ್ಯಾಟಿನ ಹಳೆ ಫ್ಯಾನಿನ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ, ಕಮ್ಮಿ ಕರೆಂಟಿನಲ್ಲಿ ಓಡುವ ಮೋಟಾರಿನ) ಫ್ಯಾನ್ ಹಾಕುವುದು ಒಳ್ಳೆಯ ಖರ್ಚು. ಮೂರು ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ಓಡುವ ಮನೆಯಲ್ಲಿ ತಿಂಗಳಿಗೆ 45-50 ಯೂನಿಟ್ ಕಮ್ಮಿಯಾಗುತ್ತದೆ. ಬಾಡಿಗೆ ಮನೆಯವರು ಖಾಲಿ ಮಾಡುವಾಗ ಬಿಚ್ಚಿಕೊಂಡೂ ಹೋಗಬಹುದು. ಫ್ರಿಜ್ ಕೊಳ್ಳುವಾಗ ಸ್ಟಾರ್ ಎಷ್ಟು ಅಂತ ನೋಡಿದರೆ ಸಾಲದು, ಸ್ಟಿಕ್ಕರ್ ಮೇಲಿನ ವರ್ಷವನ್ನೂ ನೋಡಿ. ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತಾರೆ. ಹಳೆಯ ಐದು ಸ್ಟಾರ್ ಇವತ್ತು ಐದು ಸ್ಟಾರ್ ಆಗಿ ಉಳಿದಿರುವುದಿಲ್ಲ.

"ಗೃಹಜ್ಯೋತಿಯಲ್ಲಿ ಕರೆಂಟ್ ಫ್ರೀ ತಾನೇ, ಯಾಕೆ ತಲೆ ಕೆಡಿಸಿಕೊಳ್ಳಬೇಕು?" ನ್ಯಾಯವಾದ ಪ್ರಶ್ನೆ. 2023ರಲ್ಲಿ ಬಂದ ಈ ಯೋಜನೆ ಬಹಳ ಮನೆಗಳ ಭಾರ ಇಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಬೇಸಿಗೆಯಲ್ಲೋ ನೆಂಟರು ಬಂದಾಗಲೋ 190ರ ಮನೆ 205ಕ್ಕೆ ಜಾರುವುದು ಸುಲಭ. ಬಿಲ್ ಸೊನ್ನೆ ಇದ್ದರೂ ಆ ಯೂನಿಟ್ಟನ್ನು ಯಾರೋ ಎಲ್ಲೋ ತಯಾರಿಸಿರಲೇಬೇಕು. ಕಲ್ಲಿದ್ದಲಿನಿಂದ ತಯಾರಾದ ಯೂನಿಟ್ ಆದರೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿದಿರುತ್ತದೆ, ಒಂದು ಕೆಜಿಯ ಹತ್ತಿರ ಇಂಗಾಲದ ಡೈಆಕ್ಸೈಡ್ ಮೇಲೆ ಹೋಗಿರುತ್ತದೆ.

ಈಗ ತಾರಸಿಗೆ ಹೋಗೋಣ. "ಸೋಲಾರ್ ಹಾಕಿಸಿದ್ದೀವಿ" ಅಂದರೆ ಬೆಂಗಳೂರಲ್ಲಿ ಎರಡು ಅರ್ಥ. ಒಂದು ನೀರು ಕಾಯಿಸುವುದು, ಇನ್ನೊಂದು ಕರೆಂಟ್ ತಯಾರಿಸುವುದು. ನೀರು ಕಾಯಿಸುವ ಹೀಟರ್ ಬಿಸಿಲಿನ ಅರ್ಧಕ್ಕೂ ಹೆಚ್ಚು ಶಕ್ತಿಯನ್ನು ನೀರಿಗೆ ದಾಟಿಸಬಲ್ಲದು. ಕರೆಂಟ್ ತಯಾರಿಸುವ ಪ್ಯಾನೆಲ್ ಹಿಡಿಯುವುದು ಐದನೇ ಒಂದು ಭಾಗ. ಆದ್ದರಿಂದ ಪ್ಯಾನೆಲ್ಲಿನಿಂದ ಕರೆಂಟ್ ಮಾಡಿ, ಆ ಕರೆಂಟಿನಿಂದ ಗೀಸರ್ ಕಾಯಿಸುವುದು ಸುತ್ತಿ ಬಳಸುವ ದಾರಿ. ಸ್ವಂತ ಮನೆ, ಸ್ವಂತ ತಾರಸಿ ಇದ್ದವರು ಮೊದಲು ಹೀಟರ್ ಹಾಕಿಸಿ, ಆಮೇಲೆ ಪ್ಯಾನೆಲ್ ಯೋಚನೆ ಮಾಡಿ ಅಂತಲೇ ನಾನು ಹೇಳುವುದು. ಒಂದು ತೊಂದರೆ ಇದೆ: ನಾಲ್ಕನೇ ಮಹಡಿಯ ಮೇಲಿನ ಟ್ಯಾಂಕಿನಿಂದ ಕೆಳಗಿನ ಮನೆಗೆ ಬಿಸಿನೀರು ಇಳಿಯುವ ಮುಂಚೆ ಪೈಪಿನಲ್ಲಿ ನಿಂತಿದ್ದ ತಣ್ಣೀರು ಹೊರಗೆ ಬರಬೇಕು. ಮುಕ್ಕಾಲು ಇಂಚಿನ 25 ಮೀಟರ್ ಪೈಪಿನಲ್ಲಿ ಏಳೆಂಟು ಲೀಟರ್ ಇರುತ್ತದೆ. ಪೈಪಿಗೆ ಶಾಖ ತಡೆಯುವ ಹೊದಿಕೆ ಹಾಕಿಸಿ. ಒಬ್ಬರು ಮಿಂದ ಮೇಲೆ ಇನ್ನೊಬ್ಬರು ಬೇಗ ಬಂದರೆ ಅವರಿಗೆ ಕಾಯುವ ಕೆಲಸ ಇರುವುದಿಲ್ಲ.

ಪ್ಯಾನೆಲ್ ಲೆಕ್ಕ ಹೀಗೆ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ನಾಲ್ಕು ಯೂನಿಟ್ ಸಿಗುತ್ತದೆ. ಪಿಎಂ ಸೂರ್ಯ ಘರ್ ಯೋಜನೆ 2024ರಲ್ಲಿ ಶುರುವಾದಾಗ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಗೊತ್ತು ಮಾಡಿದರು. ತಿಂಗಳಿಗೆ 300-400 ಯೂನಿಟ್ ಬಳಸುವ ಮನೆಗೆ ಇದು ಲಾಭ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಹಾಕಿದ ದುಡ್ಡು ವಾಪಸ್ ಬರುವ ದಾರಿ ಕಾಣುವುದಿಲ್ಲ, ಮಾರುವವರು ಏನೇ ಹೇಳಲಿ.

ಬಿಸಿಲು ಸುಡುತ್ತಿದ್ದಷ್ಟೂ ಪ್ಯಾನೆಲ್ ಜಾಸ್ತಿ ಕೊಡುತ್ತದೆ ಅಂತ ಎಲ್ಲರ ಎಣಿಕೆ. ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು, ಕಾವಲ್ಲ. 25 ಡಿಗ್ರಿಯ ಮೇಲೆ ಪ್ಯಾನೆಲ್ ಒಂದೊಂದು ಡಿಗ್ರಿ ಕಾದಾಗಲೂ ಶೇಕಡ 0.3-0.4ರಷ್ಟು ಉತ್ಪಾದನೆ ಇಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮೂರಿನ ತಂಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ, ಹಾಗಾಗಿ ಪ್ಯಾನೆಲ್ಲನ್ನು ದಕ್ಷಿಣಕ್ಕೆ ಹೆಚ್ಚುಕಮ್ಮಿ ಅಷ್ಟೇ ಓರೆಯಾಗಿ ಕೂರಿಸುತ್ತಾರೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ಕಂಬಗಳ ನೆರಳು ಮಾಯವಾಗುತ್ತದಲ್ಲ, ಅದಾದ ಮೇಲೆ ಆಗಸ್ಟ್‌ವರೆಗೂ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದ ಕಡೆ. ಆದರೆ ಆ ತಿಂಗಳುಗಳಲ್ಲಿ ಹೇಗೂ ಮೋಡ ಜಾಸ್ತಿ.

ನಿಜವಾದ ಶತ್ರು ನೆರಳು. ಪ್ಯಾನೆಲ್ಲಿನ ಕೋಶಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಉದ್ದದ ಪೈಪನ್ನು ಒಂದು ಕಡೆ ಅದುಮಿದರೆ ಇಡೀ ಪೈಪಿನ ನೀರು ಕಮ್ಮಿಯಾಗುವ ಹಾಗೆ, ಒಂದು ಕೋಶದ ಮೇಲೆ ನೆರಳು ಬಿದ್ದರೆ ಆ ಸಾಲಿನ ಕರೆಂಟೆಲ್ಲ ಇಳಿಯುತ್ತದೆ. ಬೆಂಗಳೂರಲ್ಲಿ ತೆಂಗಿನ ಮರಕ್ಕಿಂತ ಹೆದರಬೇಕಾದ್ದು ಪಕ್ಕದ ಸೈಟಿನವರಿಗೆ. ಅವರು ಇನ್ನೆರಡು ಮಹಡಿ ಎಬ್ಬಿಸಿದರೆ ನಿಮ್ಮ 25 ವರ್ಷದ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು.

"ಕರೆಂಟ್ ಹೋದಾಗ ನಮ್ಮ ಮನೆಯಲ್ಲಿ ಮಾತ್ರ ಲೈಟ್ ಇರುತ್ತೆ ಅಲ್ವಾ?" ಇರುವುದಿಲ್ಲ. ಬ್ಯಾಟರಿ ಇಲ್ಲದ ಸೋಲಾರ್ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ತಾನೂ ನಿಂತುಬಿಡುತ್ತದೆ, ಮಟಮಟ ಮಧ್ಯಾಹ್ನವಾದರೂ ಸರಿ. ಬೇಕಂತಲೇ ಹಾಗೆ ಮಾಡಿದ್ದಾರೆ. ಲೈನ್ ಆಫ್ ಇದೆ ಅಂದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದು.

ಇನ್ನು ದೊಡ್ಡ ಪ್ರಶ್ನೆ: ನಮ್ಮ ಮನೆಗೆ ಬರುವ ಕರೆಂಟ್ ಹಸಿರೋ ಅಲ್ಲವೋ? ಬೆಂಗಳೂರಿನ ಬೀದಿಗಳಲ್ಲಿ 1905ರಲ್ಲಿ ಮೊದಲು ಉರಿದ ವಿದ್ಯುತ್ ದೀಪಗಳಿಗೆ ಕರೆಂಟ್ ಬಂದಿದ್ದು ಶಿವನಸಮುದ್ರದ ನೀರಿನಿಂದ. ಹೊಗೆ ಇಲ್ಲ, ಬೂದಿ ಇಲ್ಲ. ಈಗ ಉತ್ತರ ಗಡಿಯಾರ ನೋಡಿ ಹೇಳಬೇಕು. ಬಿಸಿಲಿನ ಮಧ್ಯಾಹ್ನವಾದರೆ ಪಾವಗಡದ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಸೇರಿದಂತೆ ರಾಜ್ಯದ ಪ್ಯಾನೆಲ್‌ಗಳೆಲ್ಲ ದುಡಿಯುತ್ತಿರುತ್ತವೆ. ಮಳೆಗಾಲದಲ್ಲಿ ಬಿಸಿಲು ಕಮ್ಮಿ, ಆದರೆ ಆಗಲೇ ಚಿತ್ರದುರ್ಗ, ಗದಗದ ಗಾಳಿ ಗಿರಣಿಗಳು ಜೋರು. ಸಂಜೆ ಏಳಕ್ಕೆ ಸೂರ್ಯ ಇರುವುದಿಲ್ಲ. ಆಗ ಶರಾವತಿಯ ನೀರು ಬಿಡಬೇಕು, ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರಿಸಬೇಕು. ಬೆಳಗ್ಗೆ ಆರೇಳು ಗಂಟೆಗೂ ಅದೇ ಕಥೆ. ಊರಿಗೆ ಊರೇ ಗೀಸರ್ ಹಾಕುವುದು ಆ ಹೊತ್ತಿನಲ್ಲೇ! ಇಸ್ತ್ರಿ, ವಾಷಿಂಗ್ ಮೆಷಿನ್, ಸಂಪಿನಿಂದ ನೀರು ಹತ್ತಿಸುವ ಮೋಟಾರು, ಇವನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿದರೆ ಯೂನಿಟ್ ಅಷ್ಟೇ ಇದ್ದರೂ ಹೊಗೆ ಕಮ್ಮಿ.

ಮಧ್ಯಾಹ್ನದ ಬಿಸಿಲನ್ನು ಮರುದಿನ ಬೆಳಗ್ಗೆವರೆಗೆ ಕೂಡಿಡುವುದೇ ಈಗಿನ ದೊಡ್ಡ ತಲೆನೋವು. ಒಂದು ದಾರಿ ಶರಾವತಿ ಕಣಿವೆಯಲ್ಲಿ ಯೋಜಿಸಿರುವ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್. ಕರೆಂಟ್ ಹೆಚ್ಚಿರುವಾಗ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಹತ್ತಿಸಿ, ಬೇಕಾದಾಗ ಇಳಿಸುವುದು. ಹತ್ತಿಸಲು ನೂರು ಯೂನಿಟ್ ಹಾಕಿದರೆ ಎಪ್ಪತ್ತೈದೋ ಎಂಬತ್ತೋ ವಾಪಸ್ ಬರುತ್ತದೆ. ಆ ಕಾಡು ಸಿಂಗಳೀಕಗಳ ಮನೆ, ಹಾಗಾಗಿ ಅಲ್ಲಿನ ಜನ ವಿರೋಧ ಮಾಡುತ್ತಿದ್ದಾರೆ. ಇನ್ನೊಂದು ದಾರಿ ಲಿಥಿಯಂ ಬ್ಯಾಟರಿ. ಏಳು ಯೂನಿಟ್ ಹಿಡಿಯುವಂಥದ್ದನ್ನು ಮನೆಗೆ ತಂದರೆ ಖರ್ಚು ಲಕ್ಷ ದಾಟುತ್ತದೆ. ಆದರೆ ಬೆಂಗಳೂರಿನ ಎಷ್ಟೋ ತಾರಸಿಗಳ ಮೇಲೆ ಈಗಾಗಲೇ 200 ಲೀಟರಿನ ಸೋಲಾರ್ ಹೀಟರ್ ಟ್ಯಾಂಕ್ ಕೂತಿದೆ. ಅದರಲ್ಲಿರುವ ನೀರು 30 ಡಿಗ್ರಿ ಕಾದರೆ ಒಳಗೆ ಕೂಡಿಟ್ಟ ಶಾಖವೂ ಲೆಕ್ಕ ಹಾಕಿದರೆ ಏಳು ಯೂನಿಟ್ಟೇ. ಬೆಳಗ್ಗೆ ಏಳಕ್ಕೆ ಗೀಸರಿನ ಸ್ವಿಚ್ ಮುಟ್ಟದೆ ನಾಲ್ಕು ಜನ ಸ್ನಾನ ಮುಗಿಸಿ, ಪಾತ್ರೆ ತೊಳೆಯಲೂ ಒಂದಿಷ್ಟು ಉಳಿಯುತ್ತದೆ.