ಗಡಿ ಆಮೇಲೆ, ಮೊದಲು ಕೋಶ

ರಾಯಚೂರು, ಸಿಂಧನೂರು ಕಡೆಯ ಭತ್ತದ ಎಲೆಯ ಮೈಕ್ರೋಸ್ಕೋಪ್ ಚಿತ್ರ ಹಿಡಿದು ವಿದ್ಯಾರ್ಥಿಗಳು ಬರುತ್ತಾರೆ. ಸೆಲ್‌ಪೋಸ್‌ನಂಥ ಸಾಫ್ಟ್‌ವೇರ್ ಜೀವಕೋಶಗಳನ್ನು ಬೇರೆ ಮಾಡಿ ಕೊಟ್ಟಿರುತ್ತದೆ. ಆದರೂ "ಕೋಶಗಳ ಗಡಿ ಬಿಡಿಬಿಡಿಯಾಗಿ ಬರವಲ್ದು ಸರ್" ಅನ್ನುವ ದೂರು. ಫೈಲ್ ತೆರೆದರೆ ಕಾರಣ ಅಲ್ಲೇ ಇರುತ್ತದೆ. ಚಿತ್ರವನ್ನು ಸುಮ್ನೆ ಕಪ್ಪು-ಬಿಳುಪು ಮಾಡಿಬಿಟ್ಟಿರುತ್ತಾರೆ.

ಬೇರ್ಪಡಿಸಿದ ಚಿತ್ರದಲ್ಲಿ ಹಿನ್ನೆಲೆಗೆ 0, ಪ್ರತಿ ಕೋಶಕ್ಕೂ ಅದರದೇ ನಂಬರ್. 17 ಮುಗಿದು 18 ಶುರುವಾಗುವ ಜಾಗವೇ ಗಡಿ. ಎಲ್ಲವನ್ನೂ 1 ಮಾಡಿದರೆ ಅಂಟಿಕೊಂಡ ಕೋಶಗಳು ಒಂದೇ ಆಗಿಬಿಡುತ್ತವೆ. ಜೆಪೆಗ್‌ನಲ್ಲಿ ಸೇವ್ ಮಾಡಿದರೂ ನಂಬರ್ ಕೆಡುತ್ತವೆ. 8 ಬಿಟ್ ಫೈಲಿಗೆ 255ರ ಮೇಲೆ ನಂಬರ್ ಹಿಡಿಸುವುದಿಲ್ಲ, 16 ಬಿಟ್ ಟಿಫ್ ಫೈಲ್ ಇರಲಿ. ಚಿತ್ರ ಹಿಗ್ಗಿಸುವಾಗ ಇನ್ನೂ ಹುಷಾರು: 10 ಮತ್ತು 20ರ ನಡುವೆ ಸರಾಸರಿ ತೆಗೆದರೆ 15 ಬರುತ್ತದೆ. 15 ಅಂದರೆ ಎಲ್ಲೋ ಇರುವ ಬೇರೆ ಕೋಶ! ಪಕ್ಕದ ಪಿಕ್ಸೆಲ್‌ನ ನಂಬರನ್ನೇ ಹಾಗೆ ಎತ್ತಿಕೊಳ್ಳುವ ವಿಧಾನ ಬಳಸಿ.

ಕ್ಲೀನಿಂಗೂ ಒಂದೊಂದೇ ನಂಬರ್ ಹಿಡಿದು ಆಗಬೇಕು. ಒಂದೇ ನಂಬರಿನ ಎರಡು ತುಂಡಿದ್ದರೆ ದೊಡ್ಡದನ್ನು ಉಳಿಸಿ, ಒಳಗಿನ ತೂತು ಮುಚ್ಚಿ. ಎಷ್ಟು ಚಿಕ್ಕ ಚುಕ್ಕಿ ತೆಗೆಯಬೇಕು ಅನ್ನುವ ಮಿತಿಯನ್ನು ಮೈಕ್ರಾನ್‌ನಲ್ಲಿ (ಮಿಲಿಮೀಟರಿನ ಸಾವಿರದ ಒಂದು ಪಾಲು) ಯೋಚಿಸಿ. ಪಿಕ್ಸೆಲ್‌ನ ಒಂದು ಬದಿ 0.5 ಮೈಕ್ರಾನ್ ಇದ್ದರೆ 40 ಪಿಕ್ಸೆಲ್ ಅಂದರೆ 10 ಚದರ ಮೈಕ್ರಾನ್, ಅಷ್ಟೇ. ಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿದ ಕೋಶಗಳನ್ನು ಕೊನೆಗೆ ತೆಗೆಯಿರಿ. ಮೊದಲೇ ತೆಗೆದರೆ ಯಾರ ಪಕ್ಕ ಯಾರು ಅನ್ನುವ ಲೆಕ್ಕ ತಪ್ಪುತ್ತದೆ.

ನುಣುಪು ಮಾಡುವ ಹುಚ್ಚು ಮಾತ್ರ ಬೇಡ. ಭತ್ತದ ಎಲೆಯ ಹೊರಪದರದ ಉದ್ದ ಕೋಶಗಳ ಗೋಡೆ ಅಂಕುಡೊಂಕಾಗಿಯೇ ಇರುತ್ತದೆ. ಅದು ಕೊಳೆಯಲ್ಲ. ಜಾಸ್ತಿ ಉಜ್ಜಿದರೆ ಆ ಅಲೆಯೇ ಹೋಗುತ್ತದೆ, ಸುತ್ತಳತೆ ಕಮ್ಮಿ ಬರುತ್ತದೆ. ಮೇಲಾಗಿ ಗಡಿ ಅನ್ನುವುದು ಗದ್ದೆಯ ಬದು ಇದ್ದ ಹಾಗೆ, ಎರಡೂ ಕಡೆಯವರಿಗೆ ಸೇರಿದ್ದು. ಪ್ರತಿ ಕೋಶವನ್ನು ಬೇರೆ ಬೇರೆ ನುಣುಪು ಮಾಡಿದರೆ ನಡುವೆ ಸಂದಿ ಬೀಳುತ್ತದೆ, ಇಲ್ಲವೇ ಒಂದರ ಮೇಲೊಂದು ಹತ್ತುತ್ತದೆ.

ಇಷ್ಟಾದ ಮೇಲೆ ಗಡಿ ಎಳೆಯಿರಿ. ಪೈಥಾನ್‌ನಲ್ಲಿ ಚಿತ್ರ ಸಂಸ್ಕರಿಸುವ ಸೈಕಿಟ್-ಇಮೇಜ್‌ನ ದಪ್ಪ ಗೆರೆ ಎರಡೂ ಕೋಶದಿಂದ ಒಂದೊಂದು ಪಿಕ್ಸೆಲ್ ತಿನ್ನುತ್ತದೆ. ನೋಡಲು ಚೆಂದ, ಅಳೆಯಲು ಅಲ್ಲ. ವಿಸ್ತೀರ್ಣವನ್ನು ನಂಬರ್ ಚಿತ್ರದಿಂದಲೇ ತೆಗೆಯಿರಿ. ಸುತ್ತಳತೆಗೆ ಪಿಕ್ಸೆಲ್ ಎಣಿಸಬೇಡಿ. ಓರೆಯಾಗಿ ಹೋದ ಹೆಜ್ಜೆ 1 ಅಲ್ಲ, 1.41.

ಕೊನೆಗೆ ಗೆರೆಗಳನ್ನು ಮೂಲ ಚಿತ್ರದ ಮೇಲೆ ಹಾಕಿ ಪತ್ರರಂಧ್ರಗಳ ಹತ್ತಿರ ನೋಡಿ. ಅಲ್ಲಿನ ಜೋಡಿ ಕೋಶಗಳನ್ನು ಸಾಫ್ಟ್‌ವೇರ್ ಒಂದೇ ಅಂದುಕೊಂಡಿದ್ದರೆ ಯಾವ ಕ್ಲೀನಿಂಗೂ ಬಿಡಿಸುವುದಿಲ್ಲ. ಚಿತ್ರ ನೋಡಿ ತಿದ್ದುವ ನಾಪಾರಿ ಸಾಫ್ಟ್‌ವೇರ್‌ನಲ್ಲಿ ಕೈಯಿಂದಲೇ ಬಿಡಿಸಬೇಕು.